ಅಟ್ಟದ ಮೇಲಿನ ವಿಜ್ಞಾನ ಕಥೆಗಳು

ತಮ್ಮ ನಡುಮನೆಯಲ್ಲಿ ಕುಳಿತು ಮಾತನಾಡುವ ರೇಡಿಯೋ ಪೆಟ್ಟಿಗೆಗೂ, ಚಂದ್ರಲೋಕದ ಪ್ರಯಾಣ, ಮಂಗಳ ಗ್ರಹದ ಜನ, ಯಂತ್ರಮಾನವ ಮೊದಲಾದುವನ್ನು ವರ್ಣಿಸುವ ಕಥೆಗಳಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ತಾವು ನಕ್ಕುಬಿಡಬಹುದು. ಆದರೆ ನಂಟು ಉಂಟು. ಅದೂ ದೂರದ ನಂಟಲ್ಲ, ಒಡಹುಟ್ಟಿದವರ ನಂಟು. ವಿಜ್ಞಾನ ಕಥೆಗೆಂದೇ ಮೀಸಲಾದ ಮಾಸಪತ್ರಿಕೆ ಹುಟ್ಟಿದ್ದು ಒಬ್ಬ ರೇಡಿಯೋ ವ್ಯಾಪಾರಿಯ ಮನೆಯಲ್ಲಿ. ಅಂಥ ಹಳೆಯ ಪತ್ರಿಕೆಗಳನ್ನು ಹುಡುಕಿ ಕೂಡಿಸಿಡುವ ಹವ್ಯಾಸದ ಕಥೆಯನ್ನು, ಅದು ನಮ್ಮ ಭಟ್ಕಳ, ಹೊನ್ನಾವರ, ಕುಮಟೆಗಳ ಮನೆಗಳಿಗೆ ಏಕೆ ಸಂಬಂಧಪಟ್ಟದ್ದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬಾತ ೧೮೮೪ರಲ್ಲಿ ಲಕ್ಸೆಂಬರ್ಗಿನಲ್ಲಿ ಹುಟ್ಟಿ, ೧೯೦೪ರಲ್ಲಿ ಅಮೆರಿಕೆಗೆ ಹೋದವನು. ನ್ಯೂಯಾರ್ಕಿನಲ್ಲಿ ಆತ ನಿಸ್ತಂತು ಉಪಕರಣಗಳನ್ನು ಮಾರುತ್ತಿದ್ದ. ಹುಡುಗರು ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ ಸಣ್ಣ ಯಂತ್ರಗಳವು. ಸರಕಿನ ಜೊತೆಗೆ ತಿಳಿವಳಿಕೆಯೂ ಬೇಕೆಂದು ೧೯೦೮ರಲ್ಲಿ ‘ಮಾಡರ್ನ್ ಎಲೆಕ್ಟ್ರಿಕ್ಸ್’ ಎಂಬ ಮಾಸಪತ್ರಿಕೆ ಹೊರಡಿಸಿದ. ೧೯೧೧ರಲ್ಲಿ ಅದರಲ್ಲೇ, ಸುಮಾರು ಏಳೂವರೆ ಶತಮಾನಗಳ ಮುಂದಿನ ಲೋಕ ಹೇಗಿದ್ದೀತು ಎಂಬ ಕಥೆಯನ್ನು ಧಾರಾವಾಹಿಯಾಗಿ ಬರೆಯತೊಡಗಿದ. ೧೯೨೫ರಲ್ಲಿ ಆತನದೇ ಒಂದು ಬಾನುಲಿ ನಿಲಯವೂ ಆಯಿತು. ಮರುವರ್ಷ, ಎಂದರೆ ೧೯೨೬ರ ಏಪ್ರಿಲಿನಲ್ಲಿ, ‘ಅಮೇಜಿಂಗ್ ಸ್ಟೋರೀಸ್’ ಎಂಬ ಪತ್ರಿಕೆಯ ಮೊದಲ ಸಂಚಿಕೆ ಹೊರಬಂತು. ಬೆಲೆ ೨೫ ಸೆಂಟು. ಒಳಗೆ ಜೂಲ್ಸ್ ವರ್ನ್, ಎಚ್. ಜಿ. ವೆಲ್ಸ್, ಎಡ್ಗರ್ ಆಲನ್ ಪೋ ಇವರ ಹಳೆಯ ಕಥೆಗಳ ಮರುಮುದ್ರಣ. ವಿಜ್ಞಾನ ಕಥೆಯ ಹೊರತು ಮತ್ತೇನನ್ನೂ ಅಚ್ಚುಹಾಕದ ಮೊದಲ ಇಂಗ್ಲೀಷು ಮಾಸಪತ್ರಿಕೆಯೆಂದು ಹೆಸರಾದದ್ದು ಅದೇ.

ರೇಡಿಯೋ ಮತ್ತು ಕಥೆ ಹೀಗೆ ಒಂದೇ ಮನೆಯಲ್ಲಿ ಕೂಡಿದ್ದು ಅಮೆರಿಕೆಯಲ್ಲಿ ಮಾತ್ರವೆಂದು ತಿಳಿಯಬಾರದು. ನಮ್ಮ ಜಗದೀಶಚಂದ್ರ ಬೋಸರು ೧೮೯೦ರ ದಶಕದಲ್ಲಿ ಕಲ್ಕತ್ತೆಯಲ್ಲಿ, ನಡುವೆ ಗೋಡೆಯಿದ್ದರೂ ತಂತಿಯ ನೆರವಿಲ್ಲದೆ ವಿದ್ಯುತ್ ಅಲೆಗಳನ್ನು ಹಾಯಿಸಿ, ಆಚೆಯ ಗಂಟೆಯನ್ನು ಬಾರಿಸಿ ತೋರಿಸಿದರಷ್ಟೆ. ಆ ದಶಕದಲ್ಲೇ, ೧೮೯೬ರಲ್ಲಿ, ಅವರು ಬಂಗಾಳಿಯಲ್ಲಿ ಒಂದು ಕಥೆ ಬರೆದರು. ‘ಕುಂತಲೀನ’ವೆಂಬ ತಲೆಗೂದಲ ಎಣ್ಣೆಯನ್ನು ಮಾರುವವರು ಏರ್ಪಡಿಸಿದ್ದ ಕಥಾಸ್ಪರ್ಧೆಗೆ ಬರೆದದ್ದು ಅದು. ಕಲ್ಕತ್ತೆಗೆ ಬಂದೆರಗಬೇಕಾಗಿದ್ದ ಚಂಡಮಾರುತವೊಂದು ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಪಂಡಿತರೆಲ್ಲ ಕಾರಣ ಕಾಣದೆ ತಲೆ ಕೆರೆದುಕೊಳ್ಳುತ್ತಾರೆ. ಹಡಗಿನಲ್ಲಿದ್ದ ಪ್ರಯಾಣಿಕನೊಬ್ಬ ಒಂದು ಸೀಸೆ ಎಣ್ಣೆಯನ್ನು ಕಡಲಿಗೆ ಸುರಿದದ್ದೇ ಕಾರಣವೆಂದು ಕೊನೆಗೆ ತಿಳಿಯುತ್ತದೆ! ನಗೆಯ ಕಥೆಯಾದರೂ ದ್ರವದ ಮೇಲ್ಮೈಯ ಎಳೆತವೆಂಬ ಭೌತಶಾಸ್ತ್ರದ ತತ್ತ್ವ ಅದರ ಬೆನ್ನಿಗಿದೆ. ಬಹುಮಾನವೂ ಅದಕ್ಕೇ ಬಂತು. ನಮ್ಮ ದೇಶದ ಮೊದಮೊದಲ ವಿಜ್ಞಾನ ಕಥೆಗಳಲ್ಲಿ ಒಂದೆಂದು ಅದನ್ನು ಇಂದು ಎಣಿಸುತ್ತಾರೆ.

ಇಂಥ ಪತ್ರಿಕೆಗಳಿಂದ ಏನು ಪ್ರಯೋಜನ, ಹುಡುಗರು ಕೆಟ್ಟುಹೋಗುತ್ತಾರಷ್ಟೆ ಎನ್ನುವ ಹಿರಿಯರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರಿಗೆ ಆರ್ಥರ್ ಸಿ. ಕ್ಲಾರ್ಕನ ನಿದರ್ಶನ ಸಾಕು. ೧೯೧೭ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಹಳ್ಳಿಯ ಹೊಲಮನೆಯಲ್ಲಿ ಬೆಳೆದ ಆ ಹುಡುಗ ಅಮೆರಿಕೆಯಿಂದ ಬರುತ್ತಿದ್ದ ಈ ಅಗ್ಗದ ಸಂಚಿಕೆಗಳನ್ನು ಹುಡುಕಿ ಹುಡುಕಿ ಕೂಡಿಹಾಕಿದ. ಅವನೇ ದೊಡ್ಡವನಾಗಿ, ೧೯೪೫ರ ಅಕ್ಟೋಬರಿನ ‘ವಯರ್‌ಲೆಸ್ ವರ್ಲ್ಡ್’ ಎಂಬ ರೇಡಿಯೋ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿ ಮೂರು ಕೃತಕ ಉಪಗ್ರಹಗಳನ್ನು ನಿಲ್ಲಿಸಿದರೆ ಲೋಕಕ್ಕೆಲ್ಲ ಬಾನುಲಿಯನ್ನು ಹಂಚಬಹುದು ಎಂಬುದೇ ಅದರ ತಿರುಳು. ಮುಂದೆ ಆತ ೧೯೫೬ರಿಂದ ಸಿಂಹಳದಲ್ಲೇ ನೆಲೆಸಿ, ೨೦೦೮ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದ. ಉಪಗ್ರಹದ ಮೂಲಕ ಹಳ್ಳಿಗಳಿಗೆ ಪಾಠ ಹೇಳುವ ಪ್ರಯೋಗ ಭಾರತದಲ್ಲಿ ನಡೆದದ್ದು ೧೯೭೫–೭೬ರಲ್ಲಿ. ಆರು ರಾಜ್ಯಗಳ ೨,೪೦೦ ಹಳ್ಳಿಗಳು ಅದರಲ್ಲಿ ಸೇರಿದ್ದುವು. ನಮ್ಮ ಕರ್ನಾಟಕದವೂ ಅವುಗಳಲ್ಲಿದ್ದುವು. ಹುಡುಗನೊಬ್ಬನ ಪುಸ್ತಕದ ಗೂಡಿನಿಂದ ಆ ಹಳ್ಳಿಗಳವರೆಗೆ ಒಂದು ದಾರಿ ಇತ್ತೆಂದರೆ ಅತಿಶಯೋಕ್ತಿಯಲ್ಲ.

ಇನ್ನು ಸಂಗ್ರಹದ ಮಾತು. ಒಳ್ಳೆಯ ಕಥೆಗಳು ಹೇಗೂ ಪುಸ್ತಕವಾಗಿ ಬರುತ್ತವೆ, ಹಳೆಯ ಸಂಚಿಕೆ ಏತಕ್ಕೆ ಎಂದು ತಾವು ಕೇಳಬಹುದು. ಪುಸ್ತಕದಲ್ಲಿ ಕಥೆಯೊಂದೇ ಇರುತ್ತದೆ. ಸಂಚಿಕೆಯಲ್ಲಾದರೋ ಆ ಕಥೆಯ ಜೊತೆಗೆ ಅದರ ಕಾಲವೇ ಕುಳಿತಿರುತ್ತದೆ. ಮುಖಪುಟದ ಚಿತ್ರ, ಬೆಲೆ, ಸಂಪಾದಕನ ನುಡಿ, ರೇಡಿಯೋ ಬಿಡಿಭಾಗಗಳ ಜಾಹೀರಾತು, ಅಂಚೆಯ ಮೂಲಕ ಕಲಿಸುವ ಶಾಲೆಗಳ ಪ್ರಕಟಣೆ, ಎಲ್ಲಕ್ಕೂ ಮಿಗಿಲಾಗಿ ಓದುಗರ ಪತ್ರಗಳು. ಗರ್ನ್ಸ್‌ಬ್ಯಾಕನು ಪತ್ರ ಬರೆದವರ ವಿಳಾಸವನ್ನೂ ಅಚ್ಚುಹಾಕುತ್ತಿದ್ದ. ಅದನ್ನು ನೋಡಿ ಒಂದೂರಿನ ಓದುಗ ಇನ್ನೊಂದೂರಿನ ಓದುಗನಿಗೆ ಕಾಗದ ಬರೆದ, ಸಂಘಗಳು ಕಟ್ಟಿದುವು, ಓದುಗರಲ್ಲಿ ಕೆಲವರು ಲೇಖಕರಾದರು. ಈ ಚರಿತ್ರೆಯೆಲ್ಲ ಪತ್ರಗಳ ಆ ಸಣ್ಣ ಅಕ್ಷರದ ಪುಟಗಳಲ್ಲಿದೆ. ಪುಸ್ತಕ ಮಾಡುವವರು ಮೊದಲು ಕಿತ್ತೊಗೆಯುವುದೂ ಆ ಪುಟಗಳನ್ನೇ.

ಅಂಥ ಸಂಗ್ರಹಕಾರರಲ್ಲಿ ಇಬ್ಬರ ಹೆಸರು ಹೇಳಿದರೆ ಸಾಕು. ಲಾಸ್ ಏಂಜಲೀಸಿನ ಫಾರೆಸ್ಟ್ ಅಕರ್ಮನ್ ಎಂಬಾತ ಒಂಬತ್ತು ವರ್ಷದ ಹುಡುಗನಾಗಿದ್ದಾಗ, ೧೯೨೬ರ ಅಕ್ಟೋಬರಿನ ‘ಅಮೇಜಿಂಗ್’ ಸಂಚಿಕೆಯನ್ನು ಕೊಂಡ. ಅಲ್ಲಿಂದ ಮೊದಲಾದ ಸಂಗ್ರಹ ಸುಮಾರು ಮೂರು ಲಕ್ಷ ವಸ್ತುಗಳಿಗೆ ಏರಿತು. ಮನೆಯ ಬಾಗಿಲನ್ನು ವಾರಕ್ಕೊಮ್ಮೆ ಎಲ್ಲರಿಗೂ ತೆರೆದಿಡುತ್ತಿದ್ದ. ಆದರೆ ಅದಕ್ಕೆ ಶಾಶ್ವತವಾದ ನೆಲೆಯೊಂದು ಕೊನೆಗೂ ದೊರೆಯಲಿಲ್ಲ. ವೃದ್ಧಾಪ್ಯದಲ್ಲಿ ಬಹುಭಾಗ ಮಾರಾಟವಾಯಿತು. ೨೦೦೮ರಲ್ಲಿ ಆತ ತೀರಿಕೊಂಡ ಮೇಲೆ ಉಳಿದದ್ದೂ ಹರಾಜಿಗೆ ಬಂದು ಚೆಲ್ಲಾಪಿಲ್ಲಿಯಾಯಿತು. ಜೂಡಿತ್ ಮೆರಿಲ್ ಎಂಬ ಲೇಖಕಿಯ ಬಳಿ ಇದ್ದುದು ಸುಮಾರು ಐದು ಸಾವಿರ ಮಾತ್ರ. ೧೯೭೦ರಲ್ಲಿ ಆಕೆ ಅವನ್ನು ಕೆನಡದ ಟೊರಾಂಟೋ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಟ್ಟುಬಿಟ್ಟಳು. ಅದು ಇಂದು ಹಲವು ಪಾಲು ಬೆಳೆದು ಬರುಹೋಗುವವರ ಓದಿಗೆ ಒದಗಿದೆ. ಮೂರು ಲಕ್ಷ ಚೆದುರಿತು, ಐದು ಸಾವಿರ ಬೆಳೆಯಿತು. ಕೂಡಿಸುವುದು ಅರ್ಧ ಕೆಲಸ, ಒಪ್ಪಿಸುವುದು ಉಳಿದರ್ಧ.

ಈಗ ನಮ್ಮ ಮನೆಯ ಕಡೆಗೆ ಬರೋಣ. ಕೇವಲ ವಿಜ್ಞಾನ ಕಥೆಗೇ ಮೀಸಲಾಗಿ ಬಹುಕಾಲ ಬಾಳಿದ ಮಾಸಪತ್ರಿಕೆ ಕನ್ನಡದಲ್ಲಿಲ್ಲ. ನಮ್ಮ ವಿಜ್ಞಾನ ಬರೆಹ, ವಿಜ್ಞಾನ ಕಥೆ ಎರಡೂ ಸಾಮಾನ್ಯ ಪತ್ರಿಕೆಗಳ ನಡುನಡುವೆ ಚೆದುರಿಕೊಂಡಿವೆ. ಮೂಲವನ್ನು ಹುಡುಕಹೊರಟರೆ ‘ವಿಜ್ಞಾನ’ವೆಂಬ ಮಾಸಪತ್ರಿಕೆಗೆ ಬರಬೇಕು. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶಯ್ಯಂಗಾರ್ಯರು ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯನ್ನು ಕಟ್ಟಿ, ೧೯೧೮ರಲ್ಲಿ ಅದನ್ನು ಹೊರಡಿಸಿದರು. ಎರಡು ವರ್ಷ ನಡೆದು ನಿಂತುಹೋಯಿತು. ವೆಂಕಟನಾರಣಪ್ಪನವರು ಭೌತಶಾಸ್ತ್ರದ ಅಧ್ಯಾಪಕರು. ಸಾಹಿತ್ಯ ಪರಿಷತ್ತು ೧೯೩೧ರಲ್ಲಿ ಪ್ರಕಟಿಸಿದ ಪಂಪಭಾರತವನ್ನು ಶೋಧಿಸಿಕೊಟ್ಟವರೂ ಅವರೇ. ಹತ್ತನೆಯ ಶತಮಾನದ ಓಲೆಯ ಕಾವ್ಯವನ್ನೂ ಇಪ್ಪತ್ತನೆಯ ಶತಮಾನದ ವಿಜ್ಞಾನವನ್ನೂ ಒಂದೇ ಕೈ ಎತ್ತಿಹಿಡಿಯಿತು. ಪಂಪಭಾರತ ಇಂದು ಎಲ್ಲ ಗ್ರಂಥಾಲಯಗಳಲ್ಲಿದೆ. ‘ವಿಜ್ಞಾನ’ದ ಸಂಚಿಕೆಯನ್ನು ಕಣ್ಣಿಂದ ಕಂಡವರು ಎಷ್ಟು ಮಂದಿ?

ಅದಾದ ಮೇಲೆ ಶಿವರಾಮ ಕಾರಂತರ ‘ಬಾಲಪ್ರಪಂಚ’ ೧೯೩೬ರಲ್ಲಿ ಬಂತು. ಅವರ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳು ೧೯೫೯ರಿಂದ ಮುಂದೆ ಬಂದುವು. ಇವು ಪುಸ್ತಕಗಳು, ಉಳಿದುಕೊಂಡುವು. ಪತ್ರಿಕೆಗಳಲ್ಲಿ, ೧೯೫೬ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’, ೧೯೬೫ರ ‘ಸುಧಾ’, ೧೯೬೮ರ ‘ಮಯೂರ’, ೧೯೭೮ರಲ್ಲಿ ಮೊದಲಾದ ‘ಬಾಲವಿಜ್ಞಾನ’ ಇವನ್ನು ಮುಖ್ಯವಾಗಿ ಹೇಳಬೇಕು. ವಿಜ್ಞಾನ ಕಥೆಗೆಂದೇ ಲೇಖನಿ ಹಿಡಿದ ರಾಜಶೇಖರ ಭೂಸನೂರಮಠರಂಥವರ ಹಾದಿಯನ್ನು ಪೂರ್ತಿಯಾಗಿ ಅರಿಯಬೇಕಾದರೆ ಪುಸ್ತಕಗಳ ಜೊತೆಗೆ ಅವರ ಕಾಲದ ಸಂಚಿಕೆಗಳನ್ನೂ ತಿರುವಬೇಕು.

ಕನ್ನಡದ ವಿದ್ಯಾರ್ಥಿಗೆ ಇದರಲ್ಲಿ ಇನ್ನೊಂದು ಲಾಭವುಂಟು. ವಿಜ್ಞಾನ ಹೊಸದಾಗಿ ಬಂದಾಗ ಅದಕ್ಕೆ ಕನ್ನಡದ ಮಾತು ಸಿದ್ಧವಾಗಿರಲಿಲ್ಲ. ಗಗನನೌಕೆಯೋ, ವ್ಯೋಮನೌಕೆಯೋ, ಆಕಾಶನೌಕೆಯೋ? ಅಂತರಿಕ್ಷವೋ, ಬಾಹ್ಯಾಕಾಶವೋ? ಹಾರುವ ತಟ್ಟೆ, ಯಂತ್ರಮಾನವ, ಕ್ಷೀರಪಥ ಇಂಥ ಮಾತುಗಳು ಯಾವಾಗ ನಾಲಗೆಗೆ ಹತ್ತಿದುವು? ಯಾವ ಮಾತು ಗೆದ್ದಿತು, ಯಾವುದು ಸೋತು ಮೂಲೆಗೆ ಸೇರಿತು? ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳು ೧೯೭೦ರಿಂದ ೧೯೯೫ರವರೆಗೆ ಹೊರಬಂದುವು. ಅದರಲ್ಲಿ ಶಾಸನ, ಕಾವ್ಯಗಳ ಪ್ರಯೋಗಗಳನ್ನು ಎತ್ತಿಕೊಟ್ಟಿರುವುದನ್ನು ತಾವು ಬಲ್ಲಿರಿ. ಹಾಗೆಯೇ ಈ ಹೊಸ ಮಾತುಗಳ ಜಾತಕ ಬರೆಯಬೇಕಾದರೆ ತಿಂಗಳು, ವರ್ಷ ಅಚ್ಚಾಗಿರುವ ಸಂಚಿಕೆಗಳೇ ನಮಗೆ ಶಾಸನಗಳು. ಅವು ಹೋದರೆ ಸಾಕ್ಷಿಯೇ ಹೋಯಿತು.

ನಮ್ಮ ಮೂರು ಊರುಗಳಲ್ಲಿ ಇಂಥವು ಎಲ್ಲಿ ಸಿಕ್ಕಾವು? ಅದಕ್ಕೆ ಊರುಗಳ ಚರಿತ್ರೆಯೇ ದಾರಿ ತೋರಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಶಿರಸಿಯ ಮೇಲೆ ದೇವಿಮನೆ ಘಟ್ಟವಿಳಿದು ಕುಮಟೆಯ ಬಂದರಕ್ಕೆ ಬರುತ್ತಿತ್ತು. ವ್ಯಾಪಾರಿಗಳ ಬಾಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. ಮುರ್ಮಗೋವೆಗೆ ರೈಲು ಬಂದ ಮೇಲೆ ಆ ವ್ಯಾಪಾರ ಇಳಿದುಹೋಯಿತು, ದಾರಿ ಉಳಿಯಿತು. ಹುಬ್ಬಳ್ಳಿ, ಧಾರವಾಡಗಳಿಂದ ಕುಮಟೆಗೆ ಬರುವ ಪುಸ್ತಕ, ಪತ್ರಿಕೆಗಳಿಗೂ ಅದು ಹತ್ತಿರದ ಹಾದಿ. ಕುಮಟೆಯ ಶಾಲೆಯಲ್ಲಿ ಓದಿದ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ರಸಾಯನ ತಂತ್ರಜ್ಞರಾಗಿ ದುಡಿಯುತ್ತ ಕನ್ನಡದ ದೊಡ್ಡ ಕಥೆಗಾರರಾದರು. ಅವರು ಬರೆದದ್ದು ವಿಜ್ಞಾನ ಕಥೆಯಲ್ಲ, ನಿಜ. ಆದರೆ ವಿಜ್ಞಾನವೂ ಕಥೆಯೂ ಒಂದೇ ತಲೆಯಲ್ಲಿ ಸುಖವಾಗಿ ಬಾಳಬಲ್ಲವೆಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಯಾದರು. ಆದ್ದರಿಂದ ಕನ್ನಡದ ಹಳೆಯ ಮಾಸಿಕಗಳನ್ನು ಮೊದಲು ಕುಮಟೆಯ ಕಡೆಯ ಮನೆಗಳಲ್ಲಿ ಹುಡುಕಬೇಕು.

ಹೊನ್ನಾವರದ ಮಾತು ಬೇರೆ. ೧೮೬೨ರಿಂದ ೧೯೫೬ರವರೆಗೆ ನಮ್ಮ ಜಿಲ್ಲೆ ಮುಂಬಯಿಗೆ ಸೇರಿದ್ದಿತು. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಕಡಲ ಹಾದಿಯೇ ಮುಂಬಯಿಯ ಹಾದಿ. ದುಡಿಯಲು ಹೋದವರು ಊರಿಗೆ ಬರುವಾಗ ಟ್ರಂಕಿನಲ್ಲಿ ಮುಂಬಯಿಯನ್ನೂ ಸ್ವಲ್ಪ ತರುತ್ತಿದ್ದರು. ೧೯೨೦ರಲ್ಲಿ ‘ಕಿರ್ಲೋಸ್ಕರ ಖಬರ’ವೆಂದು ಹೊರಟು ಮುಂದೆ ‘ಕಿರ್ಲೋಸ್ಕರ’ವೆನಿಸಿದ ಮರಾಠಿ ಮಾಸಿಕವನ್ನು ಇಂಥ ಟ್ರಂಕುಗಳಲ್ಲಿ ನಿರೀಕ್ಷಿಸಬಹುದು. ಮರಾಠಿಯಲ್ಲಿ ವಿಜ್ಞಾನ ಕಥೆಗೆ ಒಳ್ಳೆಯ ಬೆಳೆ ಬಂತು. ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ೧೯೭೪ರಲ್ಲಿ ನಾರಾಯಣ ವಿನಾಯಕ ಜಗತಾಪ ಎಂಬವರು ಕಪ್ಪುಕುಳಿಯ ಮೇಲೆ ಒಂದು ಕಥೆ ಕಳುಹಿಸಿ ಬಹುಮಾನ ಪಡೆದರು. ಆ ಜಗತಾಪರು ಬೇರೆ ಯಾರೂ ಅಲ್ಲ, ಖಗೋಳ ವಿಜ್ಞಾನಿ ಜಯಂತ ವಿಷ್ಣು ನಾರ್ಳೀಕರರು. ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿಕೊಂಡಿದ್ದರು!

ಭಟ್ಕಳದ ನವಾಯತ ಮನೆತನಗಳು ವ್ಯಾಪಾರಕ್ಕಾಗಿ ದೂರದ ಪಟ್ಟಣಗಳಿಗೂ, ಮುಂದೆ ಕೊಲ್ಲಿಯ ದೇಶಗಳಿಗೂ ಹೋದವು. ಮನೆಮಾತು ನವಾಯತಿಯಾದರೂ ಓದು ಉರ್ದುವಿನಲ್ಲಿ ಹೆಚ್ಚು. ಇಬ್ನೆ ಸಫಿಯವರು ೧೯೫೨ರಲ್ಲಿ ಅಲಹಾಬಾದಿನಿಂದ ಮೊದಲುಮಾಡಿದ ‘ಜಾಸೂಸಿ ದುನಿಯಾ’ ಎಂಬ ಮಾಸಿಕ ಮಾಲೆ ಉರ್ದು ಓದುವ ಊರುಗಳಲ್ಲೆಲ್ಲ ಹೆಸರಾದದ್ದು. ಪತ್ತೇದಾರಿ ಕಥೆಗಳಾದರೂ ಅವುಗಳಲ್ಲಿ ವಿಚಿತ್ರ ಯಂತ್ರಗಳು, ವಿಜ್ಞಾನವನ್ನು ಕೆಟ್ಟದ್ದಕ್ಕೆ ತಿರುಗಿಸುವ ಖಳರು ಮೇಲಿಂದ ಮೇಲೆ ಬರುತ್ತಾರೆ. ಮಕ್ಕಳಿಗಾಗಿ ದಿಲ್ಲಿಯಿಂದ ‘ಖಿಲೌನಾ’ ಎಂಬ ಮಾಸಪತ್ರಿಕೆ ಬಹುಕಾಲ ಬಂತು. ಕನ್ನಡದ ಸಂಗ್ರಹಕಾರ ಉರ್ದು ತನಗೇಕೆ ಎನ್ನಬಾರದು; ನಮ್ಮ ಕರಾವಳಿಯ ಮಕ್ಕಳು ನಾಳೆಯ ಲೋಕವನ್ನು ಯಾವ ಯಾವ ಭಾಷೆಯಲ್ಲಿ ಕನಸಿದರೆಂಬುದು ಒಂದೇ ಚರಿತ್ರೆ.

ಈ ಕೆಲಸ ಸರಕಾರದ್ದಲ್ಲವೆ ಎಂದು ಕೆಲವರು ಹೇಳಿಯಾರು. ೧೯೫೪ರ ಒಂದು ಕಾಯಿದೆಯಂತೆ ಪ್ರಕಾಶಕರು ತಮ್ಮ ಗ್ರಂಥಗಳ ಪ್ರತಿಗಳನ್ನು ದೇಶದ ನಾಲ್ಕು ಗ್ರಂಥಾಲಯಗಳಿಗೆ ಕಳುಹಿಸಬೇಕು. ೧೯೫೬ರಲ್ಲಿ ಪತ್ರಿಕೆಗಳನ್ನೂ ಸೇರಿಸಿದರು. ಆ ನಾಲ್ಕು ಇರುವುದು ಕಲ್ಕತ್ತೆ, ಮದರಾಸು, ಮುಂಬಯಿ, ದಿಲ್ಲಿಗಳಲ್ಲಿ. ಕುಮಟೆಯ ಹುಡುಗನೊಬ್ಬ ಹಳೆಯ ಕನ್ನಡ ಸಂಚಿಕೆಯನ್ನು ನೋಡಲು ಕಲ್ಕತ್ತೆಗೆ ಹೋಗುವುದುಂಟೆ? ಹೀಗಾಗಿ ಅದು ನಮ್ಮ ಅಟ್ಟದಲ್ಲೇ ಉಳಿಯಬೇಕು. ಅಟ್ಟಗಳೋ ವರ್ಷವರ್ಷಕ್ಕೆ ಕಡಮೆಯಾಗುತ್ತಿವೆ. ಹೆದ್ದಾರಿ ಅಗಲವಾಗುವಾಗ ಮೂರು ಊರುಗಳಲ್ಲೂ ಹಳೆಯ ಕಟ್ಟಡಗಳು ಉರುಳಿದುವು. ಹಂಚಿನ ಮನೆ ಹೋಗಿ ತಾರಸಿ ಬಂದಾಗ ಪಾತ್ರೆ, ಕಂಬ, ಬಾಗಿಲುಗಳಿಗೆ ಗಿರಾಕಿಗಳಿದ್ದಾರೆ. ಕಾಗದದ ಕಟ್ಟು ತೂಕದ ಲೆಕ್ಕದಲ್ಲಿ ರದ್ದಿಯವನಿಗೆ ಹೋಗುತ್ತದೆ.

ಕಾಗದದ ಗುಣವೂ ನಮಗೆ ಪ್ರತಿಕೂಲ. ಹಿಂದಿನ ಕಾಲದಲ್ಲಿ ಹತ್ತಿಯ ಚಿಂದಿಯಿಂದ ಮಾಡಿದ ಕಾಗದ ಮುನ್ನೂರು ವರ್ಷ ಬಾಳುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮರವನ್ನು ಅರೆದು ಮಾಡುವ ಅಗ್ಗದ ಕಾಗದ ಬಂತು. ಮರದಲ್ಲಿ ಲಿಗ್ನಿನ್ ಎಂಬ ಅಂಟು ಪದಾರ್ಥವಿದೆ. ಗಾಳಿ ಬೆಳಕು ತಾಕಿದರೆ ಅದು ಹಳದಿಯಾಗುತ್ತದೆ, ಹುಳಿಯೂರಿ ಕಾಗದವನ್ನು ಹಪ್ಪಳದಂತೆ ಮುರಿಯುತ್ತದೆ. ಅಮೆರಿಕೆಯ ಈ ಕಥಾಪತ್ರಿಕೆಗಳಿಗೆ ‘ಪಲ್ಪ್’ ಎಂಬ ಹೆಸರು ಬಂದದ್ದೇ ಈ ಕಾಗದದಿಂದ. ಅದರ ಮೇಲೆ ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ, ಗೋಡೆಯ ತೇವ, ಬೂಷ್ಟು, ವರಲೆ.

ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಭಟ್ಕಳದ ಬಳಿಯ ಹಾಡುವಳ್ಳಿಯನ್ನು ನೆನೆಯಿರಿ. ಸಂಗೀತಪುರವೆಂದು ಹೆಸರಾದ ಆ ಜೈನ ಕೇಂದ್ರದ ಪರಂಪರೆಗೆ ಸೇರಿದವರು ಭಟ್ಟಾಕಳಂಕರು. ೧೬೦೪ರಲ್ಲಿ ೫೯೨ ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿ ಕನ್ನಡಕ್ಕೆ ದೊಡ್ಡ ವ್ಯಾಕರಣ ಕೊಟ್ಟರು. ಲೂಯಿ ರೈಸರು ಅದನ್ನು ಅಚ್ಚುಹಾಕಿಸಿದ್ದು ೧೮೯೦ರಲ್ಲಿ. ನಡುವಿನ ೨೮೬ ವರ್ಷ ಅದು ಉಳಿದದ್ದು ಯಾರಿಂದ? ಓಲೆಯನ್ನು ಪ್ರತಿಮಾಡಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರಿಲ್ಲದ ಮಂದಿಯಿಂದ. ಅವರಿಗೆ ಸಾಧ್ಯವಾದದ್ದು ನಮಗೆ ಅಸಾಧ್ಯವೆ?

ಮಾಡಬೇಕಾದುದು ಅಷ್ಟೇನೂ ಕಷ್ಟವಲ್ಲ. ತುಕ್ಕುಹಿಡಿದ ಪಿನ್ನುಗಳನ್ನು ಮೆಲ್ಲನೆ ತೆಗೆದುಬಿಡಿ. ಹರಿದ ಪುಟಕ್ಕೆ ಅಂಟುಪಟ್ಟಿ ಹಚ್ಚಬೇಡಿ. ಅದರ ಅಂಟೇ ಕಾಗದವನ್ನು ತಿನ್ನುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಒಳಗೆ ಬೆವರುತ್ತದೆ. ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ, ನೆಲದಿಂದ ಎತ್ತರಕ್ಕೆ ಇಡಿ. ಜೊತೆಗೆ ಬಜೆಯ ಬೇರು, ಬೇವಿನ ಎಲೆ ಹಾಕುವುದು ಹಿರಿಯರ ಕ್ರಮ. ದೀಪಾವಳಿ ಕಳೆದು ಒಣಹವೆ ಬಂದಾಗ ವರ್ಷಕ್ಕೊಮ್ಮೆ ನೆರಳಿನಲ್ಲಿ ಗಾಳಿಗೆ ಹರವಿ, ಬಿಸಿಲಿಗೆ ಬೇಡ. ಒಂದು ಪಟ್ಟಿಪುಸ್ತಕದಲ್ಲಿ ಪತ್ರಿಕೆಯ ಹೆಸರು, ತಿಂಗಳು, ವರ್ಷ, ಯಾವ ಊರಿನ ಮನೆಯಿಂದ ಬಂತು ಎಂದು ಬರೆದಿಡಿ. ಎಲ್ಲಿಯದೆಂದು ತಿಳಿಯದ ಸಂಚಿಕೆಗೆ ಅರ್ಧ ಬೆಲೆ. ಕೈಯ ಫೋನಿನಲ್ಲಿ ಪುಟಗಳ ಚಿತ್ರ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಆದರೆ ಲೇಖಕ ತೀರಿಕೊಂಡು ೬೦ ವರ್ಷವಾಗುವವರೆಗೆ ಬರೆಹದ ಹಕ್ಕು ಅವನ ವಾರಸುದಾರರದು, ಕೇಳದೆ ಪ್ರಕಟಿಸಬಾರದು. ಕೊನೆಗೆ, ಮೆರಿಲ್ ಮಾಡಿದಂತೆ, ಒಂದು ಶಾಲೆಗೋ ಕಾಲೇಜಿನ ಗ್ರಂಥಾಲಯಕ್ಕೋ ಒಪ್ಪಿಸಿರಿ. ಯಾವುದಕ್ಕೆಂದು ಮನೆಯ ಮಕ್ಕಳಿಗೆ ಈಗಲೇ ಹೇಳಿಟ್ಟಿರಿ.

ಬಾನುಲಿಯನ್ನು ಆಲಿಸುವ ಮನೆಗಳಿಗೆ ಒಂದು ಮಾತು ವಿಶೇಷವಾಗಿ. ಅಖಿಲ ಭಾರತ ಬಾನುಲಿಯ ಕಾರ್ಯಕ್ರಮಗಳ ಪತ್ರಿಕೆ ‘ಇಂಡಿಯನ್ ಲಿಸನರ್’ ೧೯೩೫ರ ಡಿಸೆಂಬರಿನಲ್ಲಿ ಹೊರಟಿತು. ಧಾರವಾಡದ ನಿಲಯ ೧೯೫೦ರ ಜನವರಿಯಲ್ಲಿ ಮಾತನಾಡತೊಡಗಿತು. ಆ ಕಾಲದ ಭಾಷಣ, ನಾಟಕ, ಹಾಡುಗಳಲ್ಲಿ ಬಹುಪಾಲು ಗಾಳಿಯಲ್ಲಿ ಹೋಗಿ ಗಾಳಿಯಲ್ಲೇ ಕರಗಿದುವು. ಯಾರು, ಎಂದು, ಯಾವ ವಿಷಯ ಮಾತನಾಡಿದರೆಂದು ತಿಳಿಯಲು ಇಂದು ಉಳಿದಿರುವ ಆಧಾರವೆಂದರೆ, ಅವಧಿ ಮುಗಿದ ಕೂಡಲೆ ಜನ ಎಸೆಯುತ್ತಿದ್ದ ಆ ಕಾರ್ಯಕ್ರಮ ಪತ್ರಿಕೆಗಳೇ. ತಮ್ಮ ಅಟ್ಟದಲ್ಲಿ ಅಂಥದೊಂದು ಕಟ್ಟು ಇದ್ದೀತು. ಮುಂದಿನ ಮಳೆ ಹಿಡಿಯುವ ಮುನ್ನ ಏಣಿ ಹತ್ತಿ ಒಮ್ಮೆ ನೋಡಿರಿ.